ಸಕ್ಕರೆ ಮಾತ್ರೆ: ಊಟಕ್ಕೆ ಮುಂಚೆ, ಊಟದ ಜೊತೆ, ಊಟವೇ ಇಲ್ಲದ ದಿನ

ಸೊಸೆ_ಮೈಸೂರು

ಅತ್ತೆಗೆ 71 ವರ್ಷ, ತೂಕ 54 ಕೆಜಿ. ಟೈಪ್ 2 ಸಕ್ಕರೆ ಕಾಯಿಲೆ, ಜೊತೆಗೆ ಬಿಪಿ. ಈಗಿನ ಚೀಟಿ ಹೀಗಿದೆ:

ಗ್ಲಿಮೆಪಿರೈಡ್ 2 ಮಿ.ಗ್ರಾಂ + ಮೆಟ್‌ಫಾರ್ಮಿನ್ 500 ಎಸ್‌ಆರ್ (ಎರಡೂ ಒಂದೇ ಮಾತ್ರೆಯಲ್ಲಿ): 1-0-1
ವೋಗ್ಲಿಬೋಸ್ 0.3: 0-1-0
ಡಪಾಗ್ಲಿಫ್ಲೋಜಿನ್ 10: 1-0-0
ಟೆಲ್ಮಿಸಾರ್ಟಾನ್ 40: 1-0-0

ಹೊಸ ರಿಪೋರ್ಟಿನಲ್ಲಿ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ) 6.4, ಕ್ರಿಯಾಟಿನಿನ್ (ಮೂತ್ರಪಿಂಡದ ರಕ್ತಪರೀಕ್ಷೆ) 1.2. ಎರಡೂ ಚೆನ್ನಾಗಿದೆ ಅಂತ ಮನೆಯಲ್ಲಿ ಎಲ್ಲರಿಗೂ ಸಮಾಧಾನ. ನನ್ನ ಪ್ರಶ್ನೆಗಳು: ಯಾವುದು ಊಟಕ್ಕೆ ಮುಂಚೆ, ಯಾವುದು ಆಮೇಲೆ? ದೊಡ್ಡ ಮಾತ್ರೆ ಗಂಟಲಲ್ಲಿ ಇಳಿಯೋದಿಲ್ಲ ಅಂತಾರೆ, ಪುಡಿ ಮಾಡಿ ಕೊಡಬಹುದಾ? ಏಕಾದಶಿ ದಿನ ಏನು ಮಾಡೋದು? ಒಂದು ಹೊತ್ತು ಮರೆತರೆ?

ಸ್ಟ್ರಿಪ್_ತಿರುಗಿಸಿ (ಔಷಧಿ ಅಂಗಡಿ)

ಮೇಡಂ, ಮೊದಲು ಈ ಮಾತ್ರೆಗಳನ್ನು ಎರಡು ಗುಂಪು ಮಾಡಿಕೊಳ್ಳಿ. ಹೊಟ್ಟೆಗೆ ಏನೂ ಬೀಳದಿದ್ದರೂ ಸಕ್ಕರೆ ಇಳಿಸುವಂಥದ್ದು ಇದರಲ್ಲಿ ಒಂದೇ, ಗ್ಲಿಮೆಪಿರೈಡ್. ಅದು ಮೇದೋಜ್ಜೀರಕವನ್ನು ಹಿಂಡಿ ಇನ್ಸುಲಿನ್ ಬಿಡಿಸುತ್ತೆ. ನೀವು ಊಟ ಮಾಡಿದ್ದೀರೋ ಇಲ್ಲವೋ ಅಂತ ನೋಡೋದಿಲ್ಲ. ಉಳಿದ ಮೂರು ಸಕ್ಕರೆ ಮದ್ದುಗಳು ತಮ್ಮಷ್ಟಕ್ಕೆ ತಾವೇ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸೋದು ಅಪರೂಪ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಪಿಜೈಡ್, ಗ್ಲಿಬೆನ್‌ಕ್ಲಮೈಡ್ ನಾಲ್ಕೂ ಒಂದೇ ಕುಟುಂಬ. ಸ್ಟ್ರಿಪ್ ಹಿಂದೆ ಈ ನಾಲ್ಕರಲ್ಲಿ ಯಾವುದಾದರೂ ಹೆಸರು ಕಂಡರೆ "ಊಟ ಇಲ್ಲದಿದ್ದರೆ ಇದೂ ಇಲ್ಲ" ಅಂತ ಪೆನ್ನಿನಲ್ಲಿ ಬರೆದಿಡಿ.

ಹೊತ್ತಿನ ಲೆಕ್ಕ: ಗ್ಲಿಮೆಪಿರೈಡ್ ಇರುವ ಮಾತ್ರೆಯನ್ನು ತಟ್ಟೆ ಹಾಕಿದ ಮೇಲೆ ನುಂಗಿಸಿ. ಮಾತ್ರೆ ಕೊಟ್ಟು ಆಮೇಲೆ ದೋಸೆ ಹಿಟ್ಟು ರುಬ್ಬೋಕೆ ಹೋಗುವುದು, ಕುಕ್ಕರ್ ಇಡುವುದು ಬೇಡ. "ಬಿಎಫ್" ಅಂದರೆ ಊಟಕ್ಕೆ ಮುಂಚೆ ಅನ್ನೋದು ಸರಿ, ಒಂದು ಗಂಟೆ ಮುಂಚೆ ಅಂತ ಅರ್ಥವಿಲ್ಲ. ಅದೇ ಮಾತ್ರೆಯೊಳಗಿನ ಮೆಟ್‌ಫಾರ್ಮಿನ್‌ಗೂ ಊಟದ ಜೊತೆಯೇ ಹಿತ. ಖಾಲಿ ಹೊಟ್ಟೆಗೆ ಬಿದ್ದರೆ ವಾಕರಿಕೆ, ಭೇದಿ. ವೋಗ್ಲಿಬೋಸ್ ಮಧ್ಯಾಹ್ನದ ಊಟ ಶುರು ಮಾಡುವ ಹೊತ್ತಿಗೇ ಹೋಗಬೇಕು. ಪಿಷ್ಟ ಸಕ್ಕರೆಯಾಗಿ ಒಡೆಯುವುದನ್ನು ಕರುಳಿನಲ್ಲೇ ನಿಧಾನ ಮಾಡೋದು ಅದರ ಕೆಲಸ. ಊಟ ಮುಗಿದ ಮೇಲೆ ಕೊಟ್ಟರೆ ಕೊಟ್ಟ ಹಾಗೇ ಅಲ್ಲ. ಅದರಿಂದ ಹೊಟ್ಟೆ ಉಬ್ಬರ, ಗ್ಯಾಸು ಸಾಮಾನ್ಯ. ಡಪಾಗ್ಲಿಫ್ಲೋಜಿನ್‌ಗೂ ಊಟಕ್ಕೂ ನಂಟಿಲ್ಲ. ಬೆಳಿಗ್ಗೆ ಕೊಟ್ಟರೆ ರಾತ್ರಿಯೆಲ್ಲ ಬಚ್ಚಲಿಗೆ ಓಡಾಡೋದು ತಪ್ಪುತ್ತೆ.

ಪುಡಿ ಮಾಡುವ ಮಾತು: ಎಸ್‌ಆರ್, ಎಕ್ಸ್‌ಆರ್, ಇಆರ್, ಪಿಆರ್, ಎಂಆರ್ ಇವುಗಳಲ್ಲಿ ಯಾವ ಅಕ್ಷರ ಕಂಡರೂ ಕುಟ್ಟಬೇಡಿ, ಅಗಿಯಬೇಡಿ, ನೀರಲ್ಲಿ ಕರಗಿಸಬೇಡಿ. ನಿಧಾನವಾಗಿ ಬಿಡಬೇಕಾದ ಮದ್ದು ಒಂದೇ ಸಲಕ್ಕೆ ಹೊರಗೆ ಬೀಳುತ್ತೆ. ನಡುವೆ ಗೆರೆ ಇದ್ದು, ಅರ್ಧ ಮಾಡಬಹುದು ಅಂತ ಕಂಪನಿಯ ಚೀಟಿಯಲ್ಲೇ ಹೇಳಿರುವ ಕೆಲವು ಮಾತ್ರ ಮುರಿಯಬಹುದು. ನುಂಗೋಕೆ ಕಷ್ಟವಿದ್ದರೆ ಡಾಕ್ಟರಿಗೆ ಹೇಳಿ: ಎಸ್‌ಆರ್ ಅಲ್ಲದ ಸಾದಾ ಮೆಟ್‌ಫಾರ್ಮಿನ್ 500 ಬೇರೆಯಾಗಿ, ಗ್ಲಿಮೆಪಿರೈಡ್ ಬೇರೆಯಾಗಿ ಬರೆಸಿಕೊಳ್ಳಬಹುದು. ಗ್ಲಿಮೆಪಿರೈಡ್ ಬಿಡಿ ಮಾತ್ರೆ ತೀರಾ ಚಿಕ್ಕದು.

ಒಪಿಡಿ_ಮಂಗಳವಾರ (ವೈದ್ಯ)

ಹೊತ್ತಿನ ವಿಷಯ ಅವರು ಚೆನ್ನಾಗಿ ಹೇಳಿದ್ದಾರೆ. ನನಗೆ ಚಿಂತೆ ಹುಟ್ಟಿಸುತ್ತಿರುವುದು ಮನೆಯವರಿಗೆ ಸಮಾಧಾನ ಕೊಟ್ಟ ಆ ಎರಡು ಅಂಕಿಗಳೇ.

ಕ್ರಿಯಾಟಿನಿನ್ 1.2ನ್ನು ವಯಸ್ಸು, ಲಿಂಗದ ಜೊತೆ ಸೇರಿಸಿ ಓದಬೇಕು. 30 ವರ್ಷದ ಗಂಡಸಿಗೆ 1.2 ಅಂದರೆ ಇಜಿಎಫ್‌ಆರ್ ಸುಮಾರು 83. ಅದೇ 1.2 ನಿಮ್ಮ ಅತ್ತೆಗೆ ಬಂದರೆ ಸುಮಾರು 48. ಅಂದರೆ ಮೂತ್ರಪಿಂಡದ ಸೋಸುವ ಶಕ್ತಿ ಹತ್ತಿರಹತ್ತಿರ ಅರ್ಧ. ರಿಪೋರ್ಟಿನಲ್ಲಿ ಇಜಿಎಫ್‌ಆರ್ ಬರೆದಿಲ್ಲದಿದ್ದರೆ ಲ್ಯಾಬ್‌ನವರನ್ನು ಕೇಳಿ ಬರೆಸಿಕೊಳ್ಳಿ. ಮೆಟ್‌ಫಾರ್ಮಿನ್ ದಿನಕ್ಕೆ ಒಟ್ಟು 1000 ಇದೆ, 48ಕ್ಕೆ ಇದು ನಡೆಯುತ್ತೆ. 45ಕ್ಕಿಂತ ಕೆಳಗಿಳಿದರೆ ಪ್ರಮಾಣವನ್ನು ಮತ್ತೆ ನೋಡಬೇಕು, ದಿನಕ್ಕೆ 1000 ದಾಟಬಾರದು. 30ಕ್ಕಿಂತ ಕೆಳಗೆ ನಿಲ್ಲಿಸಲೇಬೇಕು. 60ರ ಒಳಗೆ ಬಂದವರಿಗೆ ವರ್ಷಕ್ಕೊಂದು ರಕ್ತಪರೀಕ್ಷೆ ಸಾಲದು, ಮೂರರಿಂದ ಆರು ತಿಂಗಳಿಗೊಮ್ಮೆ ಬೇಕು. ಜೊತೆಗೆ ಮೂತ್ರದಲ್ಲಿ ಆಲ್ಬುಮಿನ್ ಮತ್ತು ಕ್ರಿಯಾಟಿನಿನ್ ಅನುಪಾತ.

ಈಗ ಎಚ್‌ಬಿಎ1ಸಿ 6.4. ಇದು ಬರೀ ಪಥ್ಯ, ಮೆಟ್‌ಫಾರ್ಮಿನ್‌ನಿಂದ ಬಂದಿದ್ದರೆ ಸಂತೋಷ. ದಿನಕ್ಕೆ 4 ಮಿ.ಗ್ರಾಂ ಗ್ಲಿಮೆಪಿರೈಡ್ ತಗೊಳ್ಳುವ 71ರ, 54 ಕೆಜಿ ಹೆಂಗಸಿಗೆ 6.4 ಅಂದರೆ ಎಲ್ಲೋ ಒಂದು ಹೊತ್ತಿನಲ್ಲಿ, ಬಹುಶಃ ಬೆಳಗಿನ ಜಾವ, ಸಕ್ಕರೆ ತೀರಾ ಕೆಳಗೆ ಹೋಗ್ತಿರಬಹುದು ಅನ್ನೋ ಸೂಚನೆ. ಗಟ್ಟಿಮುಟ್ಟಾಗಿರುವ ಹಿರಿಯರಿಗೆ 7ರಿಂದ 7.5, ಬೇರೆ ಕಾಯಿಲೆಗಳೂ ಇರುವವರಿಗೆ 8ರ ಒಳಗಿದ್ದರೆ ಸಾಕು. ಮೂತ್ರಪಿಂಡ ಸೋತಾಗ ಈ ಮದ್ದಿನ ಪ್ರಭಾವ ಮೈಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತೆ. ರಾತ್ರಿಯ ಗ್ಲಿಮೆಪಿರೈಡ್ ಬೇಕೇ, ಅರ್ಧಕ್ಕಿಳಿಸಬಹುದೇ ಅಂತ ನಿಮ್ಮ ಡಾಕ್ಟರನ್ನು ಈ ವಾರವೇ ಕೇಳಿ, ಮುಂದಿನ ತಿಂಗಳ ಭೇಟಿಯವರೆಗೆ ಕಾಯಬೇಡಿ. ಹೋಗುವ ಮುಂಚೆ ಮೂರು ದಿನ ಗ್ಲುಕೋಮೀಟರಿನಲ್ಲಿ ನಾಲ್ಕು ಹೊತ್ತು ನೋಡಿ ಬರೆದಿಡಿ: ಬೆಳಿಗ್ಗೆ ಖಾಲಿ ಹೊಟ್ಟೆ, ಮಧ್ಯಾಹ್ನದ ಊಟಕ್ಕೆ ಮುಂಚೆ, ರಾತ್ರಿ ಊಟಕ್ಕೆ ಮುಂಚೆ, ಒಂದು ದಿನವಾದರೂ ಬೆಳಗಿನ ಜಾವ 3ಕ್ಕೆ. ನಡುವೆ ಎಲ್ಲಾದರೂ 70ಕ್ಕಿಂತ ಕೆಳಗೆ ಕಂಡರೆ ಮೂರು ದಿನ ಮುಗಿಯಲಿ ಅಂತ ಕೂರಬೇಡಿ, ಅವತ್ತೇ ಫೋನ್ ಮಾಡಿ. ಬೆರಳಿಗೆ ಹಣ್ಣಿನ ರಸವೋ ಬೆಲ್ಲವೋ ಅಂಟಿದ್ದರೆ ಸುಳ್ಳು ಅಂಕಿ ಬರುತ್ತೆ, ಸೋಪಿನಲ್ಲಿ ತೊಳೆದು ಒರೆಸಿಯೇ ಚುಚ್ಚಬೇಕು.

ಸಿಸ್ಟರ್_ಹುಬ್ಬಳ್ಳಿ

ಲೋ ಶುಗರ್ ಆದ್ರ ಏನು ಮಾಡಬೇಕು ಅನ್ನೋದು ಮನ್ಯಾಗ ಎಲ್ಲಾರಿಗೂ ಗೊತ್ತಿರಬೇಕ್ರಿ. ಅದರಾಗೂ ವೋಗ್ಲಿಬೋಸ್ ತಗೊಳ್ಳೋರ ಮನ್ಯಾಗ.

70ಕ್ಕಿಂತ ಕೆಳಗ ಬಂದ್ರ, ಇಲ್ಲಾ ಮೀಟರ್ ಕೈಗೆ ಸಿಗದಿದ್ರ ಬೆವರು, ಕೈ ನಡುಕ, ಎದಿ ಡವಡವ, ಕಣ್ಣು ಮಂಜು ಕಂಡ್ರ, ಮೂರು ಟೀ ಚಮಚ ಗ್ಲೂಕೋಸ್ ಪುಡಿ, ಅಂದ್ರ ಸುಮಾರು 15 ಗ್ರಾಂ, ಅರ್ಧ ಲೋಟ ನೀರಿನಾಗ ಕಲಸಿ ಕುಡಿಸ್ರಿ. 15 ನಿಮಿಷ ಬಿಟ್ಟು ಮತ್ತ ನೋಡ್ರಿ. ಏರಿಲ್ಲ ಅಂದ್ರ ಇನ್ನೊಮ್ಮೆ ಅಷ್ಟೇ ಕೊಡ್ರಿ. ಏರಿದ ಮ್ಯಾಲೆ ಅಷ್ಟಕ್ಕ ಬಿಡಬ್ಯಾಡ್ರಿ. ಒಂದು ಚಪಾತಿ, ಇಲ್ಲಾ ಒಂದು ಬಟ್ಟಲು ಮೊಸರನ್ನ ತಿನ್ನಿಸ್ರಿ.

ಮನ್ಯಾಗಿನ ಸಕ್ಕರಿ ಯಾಕ ಸಾಲದು ಅಂದ್ರ, ಆ ಸಕ್ಕರಿ ಎರಡು ತುಂಡು ಜೋಡಿಸಿದ್ದು. ವೋಗ್ಲಿಬೋಸ್, ಅಕಾರ್ಬೋಸ್ ಹೊಟ್ಟ್ಯಾಗಿದ್ರ ಆ ಜೋಡಣಿ ಒಡಿಯೋದೇ ತಡ ಆಗ್ತದ. ಬೆಲ್ಲ, ಪೆಪ್ಪರ್‌ಮೆಂಟ್, ಬಿಸ್ಕೀಟು ಎಲ್ಲಾ ಅದೇ ಕಥಿ. ಗ್ಲೂಕೋಸ್ ಆಗಲೇ ಒಡೆದಿದ್ದು, ನೇರ ರಕ್ತಕ್ಕ ಹೋಗ್ತದ. ಅದಿಲ್ಲ ಅಂದ್ರ ಒಂದು ದೊಡ್ಡ ಚಮಚ ಜೇನುತುಪ್ಪ. ಪುಡಿ ತಗೊಳ್ಳುವಾಗ ಸಾದಾದ್ದನ್ನೇ ತಗೊಳ್ರಿ. ರುಚಿ ಸೇರಿಸಿದ ಡಬ್ಬ್ಯಾಗ ಸಾದಾ ಸಕ್ಕರಿ ಬೆರೆತಿರಬಹುದು, ಲೇಬಲ್ ಓದ್ರಿ. ಚಾಕೊಲೇಟ್ ಬ್ಯಾಡ, ಅದರಾಗಿನ ಕೊಬ್ಬು ಸಕ್ಕರಿಯನ್ನ ತಡೀತದ.

ವಯಸ್ಸಾದವ್ರಿಗೆ ನಡುಕ, ಬೆವರು ಬರದೇನೂ ಲೋ ಆಗಬಹುದು. ಒಮ್ಮೆಲೇ ಸಿಟ್ಟು, ತೊದಲು ಮಾತು, ಮಂಕು, ದಾರಿ ತಪ್ಪಿದಂಗ ನೋಡೋದು, ಇಷ್ಟೇ ಲಕ್ಷಣ. ಲಕ್ವಾ ಇರಬೇಕು, ಅರಳುಮರಳು ಇರಬೇಕು ಅಂತ ಕೂಡಬ್ಯಾಡ್ರಿ, ಮೊದಲು ಬೆರಳು ಚುಚ್ಚಿ ನೋಡ್ರಿ. ಎಚ್ಚರ ತಪ್ಪಿದ್ರ ಬಾಯಾಗ ಏನೂ ಹಾಕಬ್ಯಾಡ್ರಿ, ಉಸಿರಿನ ನಳಿಕಿಗೆ ಹೋಗ್ತದ. ಒಂದು ಮಗ್ಗಲಾಗಿ ಮಲಗಿಸಿ 108ಕ್ಕ ಫೋನ್ ಮಾಡ್ರಿ.

ಇನ್ನೊಂದು. ಗ್ಲಿಮೆಪಿರೈಡ್‌ನಿಂದ ಎಚ್ಚರ ತಪ್ಪಿದವರು ಡ್ರಿಪ್ ಹಾಕಿದ ಕೂಡಲೇ ಎದ್ದು ಕೂತು "ಮನಿಗೆ ಹೋಗೋಣು" ಅಂತಾರ. ಹೋಗಬ್ಯಾಡ್ರಿ. ಮಾತ್ರೆ ಇನ್ನೂ ಮೈಯಾಗ ಕೆಲಸ ಮಾಡ್ತಿರ್ತದ, ನಾಕಾರು ತಾಸಿನಾಗ ಮತ್ತ ಇಳೀತದ. ಕಮ್ಮಿ ಅಂದ್ರ ಒಂದು ದಿನ ದವಾಖಾನ್ಯಾಗ ಇಟ್ಟು ನೋಡಬೇಕು, ಕಿಡ್ನಿ ಸೋತವರನ್ನ ಅದಕ್ಕೂ ಹೆಚ್ಚು.

ಸೊಸೆ_ಮೈಸೂರು

ಸಿಸ್ಟರ್, ಮನೆಯಲ್ಲಿರುವುದು ಕಿತ್ತಳೆ ರುಚಿಯ ಪುಡಿ. ಇವತ್ತೇ ಬದಲಾಯಿಸ್ತೀನಿ. ಏಕಾದಶಿ ಬಗ್ಗೆ ಯಾರಾದರೂ ಹೇಳಿ, ನಿರಾಹಾರ ಅಲ್ಲ, ಸಂಜೆ ಫಲಾಹಾರ ಇರುತ್ತೆ.

ಪಥ್ಯದ_ತಟ್ಟೆ (ಆಹಾರ ತಜ್ಞೆ)

ಫಲಾಹಾರ ಅಂದರೆ ಏನು ಅನ್ನೋದರ ಮೇಲೆ ಎಲ್ಲ ನಿಂತಿದೆ. ಒಂದು ತಟ್ಟೆ ತುಂಬ ಸಾಬಕ್ಕಿ ಉಪ್ಪಿಟ್ಟೋ ಅವಲಕ್ಕಿಯೋ ತಿಂದರೆ ಪಿಷ್ಟದ ಲೆಕ್ಕದಲ್ಲಿ ಅದು ಪೂರ್ತಿ ಊಟ; ಎರಡು ಬಾಳೆಹಣ್ಣು, ಒಂದು ಲೋಟ ಹಾಲು ಅಂದರೆ ಅರ್ಧ ಊಟ. ಬೆಳಿಗ್ಗೆ ತಿಂಡಿ ಇಲ್ಲದಿದ್ದರೆ ಬೆಳಗಿನ ಗ್ಲಿಮೆಪಿರೈಡ್ ಮಾತ್ರೆ ಬೇಡ. ಅದು ಮೆಟ್‌ಫಾರ್ಮಿನ್ ಜೊತೆ ಒಂದೇ ಮಾತ್ರೆಯಲ್ಲಿ ಇರುವುದರಿಂದ ಒಂದನ್ನು ಬಿಟ್ಟು ಇನ್ನೊಂದನ್ನು ಕೊಡೋಕೆ ಆಗೋದಿಲ್ಲ. ಉಪವಾಸ ಮಾಡುವವರಿಗೆ ಇಂಥ ಜೋಡಿ ಮಾತ್ರೆಯ ತೊಡಕೇ ಇದು. ಬಿಡಿ ಮೆಟ್‌ಫಾರ್ಮಿನ್ ಬರೆಸಿಕೊಂಡಿದ್ದರೆ ಸಂಜೆ ಫಲಾಹಾರದ ಜೊತೆ ಅದೊಂದನ್ನೇ ಕೊಡಬಹುದು. ಮಧ್ಯಾಹ್ನ ಊಟವಿಲ್ಲ, ಹಾಗಾಗಿ ವೋಗ್ಲಿಬೋಸ್ ಕೂಡ ಇಲ್ಲ.

ದ್ವಾದಶಿ ಪಾರಣೆಯಲ್ಲಿ ಇನ್ನೊಂದು ಎಡವಟ್ಟಾಗುತ್ತೆ. ಹಿಂದಿನ ದಿನ ಬಿಟ್ಟಿದ್ದನ್ನೂ ಸೇರಿಸಿ ಎರಡು ಮಾತ್ರೆ ಕೊಟ್ಟುಬಿಡ್ತಾರೆ. ಬಿಟ್ಟದ್ದು ಬಿಟ್ಟಿತು, ಪಾರಣೆಯ ಊಟಕ್ಕೆ ಅವತ್ತಿನದು ಮಾತ್ರ. ಉಪವಾಸದ ಮಧ್ಯೆ 70ಕ್ಕಿಂತ ಕೆಳಗಿಳಿದರೆ ಅಥವಾ 300 ದಾಟಿದರೆ ಉಪವಾಸ ಅಲ್ಲಿಗೇ ಮುಗಿಸಬೇಕು. ಇದನ್ನು ಮುಂಚಿತವಾಗಿ ಅತ್ತೆಯವರ ಜೊತೆ ಮಾತಾಡಿ ಒಪ್ಪಿಸಿಡಿ, ಆ ಹೊತ್ತಿನಲ್ಲಿ ವಾದ ಮಾಡೋಕೆ ಆಗೋದಿಲ್ಲ.

ಕಡಲತೀರ

ರಂಜಾನ್ ಉಪವಾಸದವರಿಗೂ ಒಂದೆರಡು ಮಾತು, ಕರಾವಳಿಯಲ್ಲಿ ಕೇಳುವವರು ಬಹಳ. ದಿನಕ್ಕೊಂದು ಮೆಟ್‌ಫಾರ್ಮಿನ್ ಇದ್ದರೆ ಇಫ್ತಾರಿಗೆ (ಸಂಜೆ ಉಪವಾಸ ಬಿಡುವ ಊಟ). ಎರಡಿದ್ದರೆ ಇಫ್ತಾರಿಗೊಂದು, ಸಹರಿಗೊಂದು (ಉಪವಾಸಕ್ಕೆ ಮುಂಚಿನ ನಸುಕಿನ ಊಟ). ಗ್ಲಿಮೆಪಿರೈಡ್ ದಿನಕ್ಕೊಂದಾದರೆ ಇಫ್ತಾರಿಗೆ. ಎರಡು ಹೊತ್ತಿನವರಿಗೆ ಸಹರಿಯ ಪ್ರಮಾಣವನ್ನು ಡಾಕ್ಟರ್ ಸಾಮಾನ್ಯವಾಗಿ ಅರ್ಧಕ್ಕಿಳಿಸ್ತಾರೆ, ಯಾಕಂದರೆ ಮುಂದೆ 13 ಗಂಟೆ ಹೊಟ್ಟೆ ಖಾಲಿ. ಡಪಾಗ್ಲಿಫ್ಲೋಜಿನ್ ಥರದ್ದು ಇಫ್ತಾರಿಗೆ, ರಾತ್ರಿಯಿಡೀ ನೀರು ಕುಡಿಯಲು ಅವಕಾಶವಿರುತ್ತೆ. ಅದನ್ನು ಹೊಸದಾಗಿ ರಂಜಾನ್ ತಿಂಗಳಲ್ಲಿ ಶುರು ಮಾಡಬಾರದು. ಬೆರಳು ಚುಚ್ಚಿ ಸಕ್ಕರೆ ನೋಡಿದರೆ ರೋಜಾ ಮುರಿಯುವುದಿಲ್ಲ. ಈ ಬದಲಾವಣೆಗಳನ್ನೆಲ್ಲ ತಿಂಗಳು ಶುರುವಾಗುವ ಆರೆಂಟು ವಾರ ಮುಂಚೆಯೇ ಕೂತು ಮಾತಾಡಿಕೊಳ್ಳಬೇಕು.

ಒಪಿಡಿ_ಮಂಗಳವಾರ

ಉಪವಾಸಕ್ಕಿಂತ ದೊಡ್ಡ ಗಂಡಾಂತರ ವಾಂತಿ-ಭೇದಿಯ ದಿನ. ನಿಮ್ಮ ಚೀಟಿಯಲ್ಲಿ ಆ ದಿನ ಅಪಾಯ ತರುವಂಥವು ನಾಲ್ಕು ಕೂತಿವೆ. ಮೈಯಲ್ಲಿ ನೀರು ಕಡಿಮೆಯಾದಾಗ ಮೂತ್ರಪಿಂಡಕ್ಕೆ ರಕ್ತ ಸಾಲದು. ಆಗ ಮೆಟ್‌ಫಾರ್ಮಿನ್ ಹೊರಹೋಗದೆ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಕೂಡಿಕೊಳ್ಳಬಹುದು. ಡಪಾಗ್ಲಿಫ್ಲೋಜಿನ್ ಮೂತ್ರದಲ್ಲಿ ಸಕ್ಕರೆಯ ಜೊತೆ ನೀರನ್ನೂ ಎಳೆದುಕೊಂಡು ಹೋಗುತ್ತೆ. ಟೆಲ್ಮಿಸಾರ್ಟಾನ್ ಮೂತ್ರಪಿಂಡದೊಳಗಿನ ಒತ್ತಡ ಇಳಿಸುತ್ತೆ. ಗ್ಲಿಮೆಪಿರೈಡ್‌ನಿಂದ ಲೋ ಶುಗರ್. ಹೊಟ್ಟೆಯಲ್ಲಿ ಏನೂ ನಿಲ್ಲದ ದಿನ ಡಾಕ್ಟರಿಗೆ ಫೋನ್ ಮಾಡಿ, ಈ ನಾಲ್ಕನ್ನೂ ತಾತ್ಕಾಲಿಕವಾಗಿ ನಿಲ್ಲಿಸುವ ಬಗ್ಗೆ ಕೇಳಿ. ಕಾಯಿಲೆ ಬರುವ ಮುಂಚೆಯೇ ಈ ಸೂಚನೆಯನ್ನು ಚೀಟಿ ಹಿಂದೆ ಬರೆಸಿಟ್ಟುಕೊಂಡರೆ ಇನ್ನೂ ಒಳ್ಳೆಯದು. ತಿಂದು ಕುಡಿದು ಸರಿಹೋಗಿ 24ರಿಂದ 48 ಗಂಟೆ ಆದ ಮೇಲೆ ಮತ್ತೆ ಶುರು. ಮರೆತು ತಿಂಗಳುಗಟ್ಟಲೆ ನಿಲ್ಲಿಸಿಬಿಡುವವರೂ ಇದ್ದಾರೆ, ಅದೂ ತಪ್ಪು. ಇನ್ಸುಲಿನ್ ತಗೊಳ್ಳುವವರು ಮಾತ್ರ ಆ ಇನ್ಸುಲಿನ್ನನ್ನು ತಾವಾಗಿಯೇ ನಿಲ್ಲಿಸಬಾರದು.

ಓಆರ್‌ಎಸ್ ಸಿಹಿ, ಕೊಡಬಾರದು ಅಂತ ತಡೆಯಬೇಡಿ. ಒಂದು ಲೀಟರ್ ನೀರಿಗೆ ಕಲಸುವ ಸರಿಯಾದ ಪೊಟ್ಟಣದಲ್ಲಿ ಗ್ಲೂಕೋಸ್ ಇರುವುದು 13.5 ಗ್ರಾಂ. ಅಷ್ಟೂ ಬೇಕು, ಉಪ್ಪನ್ನು ಕರುಳು ಹೀರಿಕೊಳ್ಳಲು ಅದೇ ದಾರಿ. ಕಾಗದದ ಡಬ್ಬಿಯಲ್ಲಿ ಬರುವ ಹಣ್ಣಿನ ರುಚಿಯ ಪಾನೀಯ ಬೇರೆ ವಸ್ತು, ಅದು ಬೇಡ.

ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತಗೊಳ್ಳುವವರಿಗೆ ಇನ್ನೊಂದು ಎಚ್ಚರಿಕೆ. ಊಟ ಬಿಟ್ಟಾಗ, ಜ್ವರದಲ್ಲಿ, ಆಪರೇಷನ್ ಹೊತ್ತಿನಲ್ಲಿ ರಕ್ತದಲ್ಲಿ ಕೀಟೋನ್ ಆಮ್ಲ ಏರಬಹುದು, ಆದರೆ ಮೀಟರ್ ಬರೀ 180 ತೋರಿಸುತ್ತೆ. 180 ನೋಡಿ ಸುಮ್ಮನಿರಬೇಡಿ. ವಾಂತಿ, ಹೊಟ್ಟೆನೋವು, ಏದುಸಿರು, ವಿಪರೀತ ಸುಸ್ತು ಇದ್ದರೆ ನೇರ ಆಸ್ಪತ್ರೆ, ಅಲ್ಲಿ "ಈ ಮಾತ್ರೆ ತಗೊಳ್ತಾರೆ, ಕೀಟೋನ್ ನೋಡಿ" ಅಂತ ಬಾಯಿಬಿಟ್ಟು ಹೇಳಿ. ಯೋಜಿತ ಆಪರೇಷನ್‌ಗೆ ಕನಿಷ್ಠ 3 ದಿನ ಮುಂಚೆ ಇದನ್ನು ನಿಲ್ಲಿಸಬೇಕಾಗುತ್ತೆ. ಮೂತ್ರ ಪರೀಕ್ಷೆಯಲ್ಲಿ ಸಕ್ಕರೆ ನಾಲ್ಕು ಪ್ಲಸ್ ಬಂದರೆ ಹೆದರುವುದು ಬೇಡ, ಮಾತ್ರೆಯ ಕೆಲಸವೇ ಅದು. ಅದೇ ಕಾರಣಕ್ಕೆ ಜನನಾಂಗದಲ್ಲಿ ಫಂಗಸ್ ತುರಿಕೆ ಬರುತ್ತೆ. ಮೂತ್ರವಾದ ಮೇಲೆ ನೀರಲ್ಲಿ ತೊಳೆದು ಒಣಗಿಸಿಕೊಂಡರೆ ಬಹಳಷ್ಟು ತಪ್ಪುತ್ತೆ. ಸೊಸೆಯ ಹತ್ತಿರ ಹೇಳಿಕೊಳ್ಳೋಕೆ ಅತ್ತೆಯಂದಿರು ನಾಚುತ್ತಾರೆ, ನೀವಾಗಿಯೇ ಕೇಳಿ.

ಹಳೇ_ಚೀಟಿ

ಮೆಟ್‌ಫಾರ್ಮಿನ್ ಕಿಡ್ನಿ ತಿನ್ನುತ್ತೆ ಅಂತ ನಮ್ಮ ಕಡೆ ಅರ್ಧ ಊರೇ ಬಿಟ್ಟಿದೆ. ಅದರ ಬದಲು ಹಾಗಲಕಾಯಿ ರಸ, ಮೆಂತ್ಯ ಸಾಕಲ್ಲವೇ?

ಒಪಿಡಿ_ಮಂಗಳವಾರ

ಕಿಡ್ನಿ ತಿನ್ನೋದು ಹತೋಟಿ ತಪ್ಪಿದ ಸಕ್ಕರೆ ಮತ್ತು ಬಿಪಿ. ಮೆಟ್‌ಫಾರ್ಮಿನ್ ಮೂತ್ರಪಿಂಡದ ಮೂಲಕ ಹೊರಗೆ ಹೋಗುತ್ತೆ, ದಾರಿ ಕಟ್ಟಿದಾಗ ವಾಹನ ಕಡಿಮೆ ಮಾಡಬೇಕು, ಅಷ್ಟೇ. 1957ರಲ್ಲಿ ಫ್ರಾನ್ಸಿನ ಜಾನ್ ಸ್ಟರ್ನ್ ಮನುಷ್ಯರ ಮೇಲಿನ ಫಲಿತಾಂಶ ಪ್ರಕಟಿಸಿದಾಗಿನಿಂದ ಬಳಕೆಯಲ್ಲಿರುವ ಮದ್ದು ಇದು. ನಿಜವಾಗಿ ನೋಡಬೇಕಾದ್ದು ಬಿ12. ವರ್ಷಗಟ್ಟಲೆ ತಗೊಂಡವರಲ್ಲಿ ಅದು ಇಳಿಯುತ್ತೆ, ಸಸ್ಯಾಹಾರಿಗಳಲ್ಲಿ ಇನ್ನೂ ಬೇಗ. ಪಾದದ ಜೋಮು, ಉರಿಯನ್ನು "ಸಕ್ಕರೆಯಿಂದ" ಅಂತ ಬಿಟ್ಟುಬಿಡದೆ ಬಿ12 ಪರೀಕ್ಷೆ ಮಾಡಿಸಿ. ರಕ್ತನಾಳಕ್ಕೆ ಬಣ್ಣದ ಔಷಧ ಹಾಕಿ ತೆಗೆಯುವ ಸ್ಕ್ಯಾನ್ ಅಥವಾ ಆಂಜಿಯೋಗ್ರಾಂ ಇದ್ದರೆ ಮೆಟ್‌ಫಾರ್ಮಿನ್ ವಿಷಯ ಮುಂಚೆಯೇ ತಿಳಿಸಿ. ಮೂತ್ರಪಿಂಡ ಸೋತವರಿಗೆ ಅವತ್ತು ನಿಲ್ಲಿಸಿ, 48 ಗಂಟೆ ಬಿಟ್ಟು ಕ್ರಿಯಾಟಿನಿನ್ ನೋಡಿ ಮತ್ತೆ ಕೊಡ್ತಾರೆ. ಮದ್ಯ ಮಿತಿಮೀರಿ ಕುಡಿಯುವವರಿಗೆ ಈ ಮಾತ್ರೆ ಸುರಕ್ಷಿತವಲ್ಲ.

ಸ್ಟ್ರಿಪ್_ತಿರುಗಿಸಿ

ಹಾಗಲ, ಮೆಂತ್ಯ ಪಲ್ಯವಾಗಿ ತಿನ್ನಲಿ, ತೊಂದರೆಯಿಲ್ಲ. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಲೋಟ ಹಾಗಲ ರಸ ಕುಡಿದು ಮೇಲೆ ಗ್ಲಿಮೆಪಿರೈಡ್ ನುಂಗಿದರೆ ಸಕ್ಕರೆ ಇನ್ನಷ್ಟು ಇಳಿಯಬಹುದು. ಲೇಬಲ್ ಇಲ್ಲದ, "ಒಂದೇ ತಿಂಗಳಲ್ಲಿ ಗುಣ" ಅನ್ನುವ ಪುಡಿಗಳಂತೂ ಬೇಡವೇ ಬೇಡ. ಅಂಥವುಗಳಲ್ಲಿ ಗ್ಲಿಬೆನ್‌ಕ್ಲಮೈಡ್ ಕಲಬೆರಕೆ ಸಿಕ್ಕ ಪ್ರಕರಣಗಳು ದಾಖಲಾಗಿವೆ.

ಬೇರೆ ಡಾಕ್ಟರು ಬರೆದ ಮದ್ದುಗಳ ಮೇಲೂ ಕಣ್ಣಿಡಿ. ಮೂತ್ರದ ಸೋಂಕಿಗೆ ಕೊಡುವ ಲೆವೊಫ್ಲಾಕ್ಸಸಿನ್, ಕೋ-ಟ್ರೈಮಾಕ್ಸಜೋಲ್, ಫಂಗಸ್ಸಿಗೆ ಕೊಡುವ ಫ್ಲುಕೊನಜೋಲ್ ಗ್ಲಿಮೆಪಿರೈಡ್ ಜೊತೆ ಸೇರಿದರೆ ಲೋ ಶುಗರ್ ತರಬಹುದು. ಡಪಾಗ್ಲಿಫ್ಲೋಜಿನ್‌ನಿಂದ ತುರಿಕೆ, ತುರಿಕೆಗೆ ಫ್ಲುಕೊನಜೋಲ್, ಅದರಿಂದ ಲೋ ಶುಗರ್. ಹೀಗೆ ಸರಪಳಿಯಾಗುತ್ತೆ. ಮಂಡಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರೆ ಕೆಲವು ದಿನ ಸಕ್ಕರೆ ಏರುತ್ತೆ; ಅದಕ್ಕೆ ಹೆದರಿ ಮಾತ್ರೆ ಹೆಚ್ಚಿಸಿಕೊಂಡರೆ, ಇಂಜೆಕ್ಷನ್ ಪ್ರಭಾವ ಇಳಿದಾಗ ಸಕ್ಕರೆ ಪಾತಾಳಕ್ಕೆ ಹೋಗುತ್ತೆ. ಮೈಕೈ ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೇನ್ ಅಂಗಡಿಯಲ್ಲಿ ಕೇಳಿ ತಗೊಳ್ಳಬೇಡಿ, ಇಜಿಎಫ್‌ಆರ್ 48ಕ್ಕೆ ಅದು ವಿಷದ ಹಾಗೆ.

ಸ್ಟ್ರಿಪ್ ವಿಷಯ. ಹೆಸರಿನ ಬಾಲದಲ್ಲಿರುವ ಅಂಕಿ, ಪದ ಎರಡನ್ನೂ ಓದಿ. ಜೋಡಿ ಮಾತ್ರೆಗಳಲ್ಲಿ 1, 2 ಅಂದರೆ ಸಾಮಾನ್ಯವಾಗಿ ಗ್ಲಿಮೆಪಿರೈಡ್ ಎಷ್ಟು ಮಿ.ಗ್ರಾಂ ಅಂತ, "ಫೋರ್ಟ್" ಸೇರಿದರೆ ಮೆಟ್‌ಫಾರ್ಮಿನ್ 500ರ ಬದಲು 1000. ಅಂಗಡಿಯಲ್ಲಿ "ಅದೇ, ಬೇರೆ ಕಂಪನಿದು" ಅಂತ ಕೊಟ್ಟರೆ ಹಳೆಯದರ ಪಕ್ಕ ಇಟ್ಟು ಒಳಗಿನ ಮದ್ದಿನ ಹೆಸರು, ಮಿ.ಗ್ರಾಂ, ಎಸ್‌ಆರ್ ಮೂರನ್ನೂ ಹೊಂದಿಸಿ ನೋಡಿ. ಜನೌಷಧಿ ಕೇಂದ್ರದ ಸ್ಟ್ರಿಪ್ ಮೇಲೆ ಮದ್ದಿನ ಹೆಸರೇ ದೊಡ್ಡದಾಗಿರುವುದರಿಂದ ಈ ಕೆಲಸ ಸಲೀಸು. ಒಂದೇ ಮದ್ದು ಎರಡು ಬ್ರ್ಯಾಂಡ್ ಹೆಸರಲ್ಲಿ ಮನೆಗೆ ಬಂದು ಎರಡನ್ನೂ ನುಂಗುವುದು ನಾವು ಕೌಂಟರಿನಲ್ಲಿ ಬಹಳ ಕಾಣುವ ತಪ್ಪು. ಐದು ಮಾತ್ರೆ ಕತ್ತರಿಸಿ ಕೊಡುವಾಗ ಅವಧಿಯ ದಿನಾಂಕ ಇರುವ ತುಂಡು ಅಂಗಡಿಯಲ್ಲೇ ಉಳಿಯುತ್ತೆ, ಪೂರ್ತಿ ಸ್ಟ್ರಿಪ್ ಕೇಳಿ.

ಮರೆತ ಹೊತ್ತು: ಗ್ಲಿಮೆಪಿರೈಡ್ ಊಟದ ನಡುವೆ ನೆನಪಾದರೆ ಕೊಡಿ, ಕೈ ತೊಳೆದು ಗಂಟೆಗಳಾದ ಮೇಲೆ ಬೇಡ. ಡಪಾಗ್ಲಿಫ್ಲೋಜಿನ್ ಅವತ್ತೇ ನೆನಪಾದರೆ ಸರಿ, ಮರುದಿನದ ಹೊತ್ತು ಹತ್ತಿರವಾಗಿದ್ದರೆ ಬಿಡಿ. ಯಾವುದನ್ನೂ ಎರಡೆರಡು ಕೊಡಬೇಡಿ. "ಕೊಟ್ಟೆನೋ ಇಲ್ಲವೋ" ಅನ್ನುವ ಅನುಮಾನ ಬಂದಾಗ ಕೊಡದಿರುವುದೇ ಕ್ಷೇಮ. ಏಳು ದಿನದ ಖಾನೆ ಡಬ್ಬಿ ಈ ಅನುಮಾನವನ್ನೇ ತೆಗೆಯುತ್ತೆ. ಮಳೆಗಾಲದಲ್ಲಿ ಮಲೆನಾಡು, ಕರಾವಳಿಯವರು ಮಾತ್ರೆ ಬಿಡಿಸಿ ಹಾಕದೆ, ಸ್ಟ್ರಿಪ್ಪನ್ನೇ ಗುಳಿಗುಳಿಯಾಗಿ ಕತ್ತರಿಸಿ ಖಾನೆಗೆ ಹಾಕಿ.

ಕಡಲತೀರ

ಸೆಮಾಗ್ಲುಟೈಡ್ ಅನ್ನುವ ಇನ್ನೊಂದು ಸಕ್ಕರೆ ಮಾತ್ರೆಗೆ ಮಾತ್ರ ಮೇಲಿನ ಯಾವ ಲೆಕ್ಕವೂ ಹೊಂದುವುದಿಲ್ಲ. ಎದ್ದ ಕೂಡಲೇ ಖಾಲಿ ಹೊಟ್ಟೆಗೆ, ಅರ್ಧ ಲೋಟ ನೀರಿನಲ್ಲಿ (120 ಮಿ.ಲೀ. ದಾಟಬಾರದು), ಆಮೇಲೆ ಕನಿಷ್ಠ 30 ನಿಮಿಷ ಕಾಫಿ, ತಿಂಡಿ, ಬೇರೆ ಮಾತ್ರೆ ಏನೂ ಇಲ್ಲ. ನೀರು ಹೆಚ್ಚಾದರೂ ಮದ್ದು ಸರಿಯಾಗಿ ಹತ್ತುವುದಿಲ್ಲ. ನುಂಗುವ ಕ್ಷಣದವರೆಗೂ ಸ್ಟ್ರಿಪ್ಪಿನೊಳಗೇ ಇರಲಿ.

ಸೊಸೆ_ಮೈಸೂರು

ಡಾಕ್ಟರ ಹತ್ತಿರ ಹೋಗಿ ಬಂದೆವು. ಬೆಳಗಿನ ಜಾವದ ಅಂಕಿ 62 ನೋಡಿ ರಾತ್ರಿಯ ಗ್ಲಿಮೆಪಿರೈಡ್ ತೆಗೆದು ಬರೀ ಮೆಟ್‌ಫಾರ್ಮಿನ್ 500 ಎಸ್‌ಆರ್, ಬೆಳಿಗ್ಗೆ ಗ್ಲಿಮೆಪಿರೈಡ್ 1ರ ಜೋಡಿ ಮಾತ್ರೆ ಬರೆದರು. ಮಲದಲ್ಲಿ ಮಾತ್ರೆ ಹಾಗೇ ಇಡಿಯಾಗಿ ಬಂತು ಅಂತ ಅತ್ತೆ ಗಾಬರಿಯಾಗಿದ್ದಾರೆ, ಅದಕ್ಕೇನು ಮಾಡಲಿ?

ಸಿಸ್ಟರ್_ಹುಬ್ಬಳ್ಳಿ

ಛಲೋ ಆತ್ರಿ. ಮಲದಾಗ ಬಂದದ್ದು ಎಸ್‌ಆರ್ ಮಾತ್ರೆಯ ಖಾಲಿ ಕವಚ. ಮದ್ದು ಒಳಗ ಇಳಿದಿರ್ತದ, ಇನ್ನೊಂದು ಕೊಡಬ್ಯಾಡ್ರಿ. ಎರಡು ವಾರ ಬೆಳಿಗ್ಗಿ ಖಾಲಿ ಹೊಟ್ಟಿದು, ರಾತ್ರಿ ಊಟಕ್ಕ ಮುಂಚಿಂದು ಬರದಿಡ್ರಿ. 3 ಗಂಟೆದು ವಾರಕ್ಕೊಮ್ಮೆ. ಸ್ವಲ್ಪ ಏರ್ತದ, 150 ಕಂಡಾಕ್ಷಣ ಹಳೇ ಮಾತ್ರೆಗೆ ಹೋಗಬ್ಯಾಡ್ರಿ.

ಇವತ್ತೇ ಮಾಡೋ ಕೆಲಸ ಒಂದೈತಿ. ಹಳೇ ಗ್ಲಿಮೆಪಿರೈಡ್ 2ರ ಸ್ಟ್ರಿಪ್ ಎಲ್ಲೆಲ್ಲಿ ಅದಾವ ಹುಡುಕ್ರಿ. ಅಡಿಗಿಮನಿ ಡಬ್ಬಿ, ದೇವರ ಮನಿ ಗೂಡು, ಅತ್ತಿಯವರ ಊರಿಗೆ ಹೋಗೋ ಚೀಲ, ತಲಿದಿಂಬಿನ ಕೆಳಗ. ಎಲ್ಲಾ ತೆಗೆದು ಅಂಗಡಿಯವ್ರು ವಾಪಸ್ ತಗೋತಾರೇನು ಕೇಳ್ರಿ. ಇಲ್ಲಾಂದ್ರ ಮಾತ್ರೆ ಬಿಡಿಸಿ ಕಾಫಿ ಚರಟದಾಗ ಕಲಸಿ, ಕವರಿನಾಗ ಕಟ್ಟಿ ಕಸಕ್ಕ ಹಾಕ್ರಿ.